ಹೆಂಗಸರ ಬಿಲ್ಲು

ಬಿಲ್ಲು ಅಂದ ಕೂಡಲೇ ಓದಿದವರಿಗೆ ಬಾಣ ನೆನಪಾಗುತ್ತದೆ. ನಮ್ಮ ಬಿಲ್ಲಿಗೆ ಬಾಣವಿಲ್ಲ. ನಮ್ಮದು ಪಿಂಜಾರರ ಮನೆ. ಅರಳೆ ಹೊಡೆದು ಗಾದಿ, ದಿಂಬು ತುಂಬಿಕೊಡುವವರು ನಾವು. ಆಳೆತ್ತರದ ಒಂದು ದಪ್ಪ ಕಟ್ಟಿಗೆ, ಅದರ ಒಂದು ತುದಿಗೆ ಮೊರದಗಲದ ಹಲಗೆ, ಈ ತುದಿಯಿಂದ ಆ ತುದಿಗೆ ಆಡಿನ ಕರುಳಿನಿಂದ ಹೊಸೆದು ಬಿಗಿದ ನರ. ಇದೇ ನಮ್ಮ ಬಿಲ್ಲು. ಎಡಗೈಯಲ್ಲಿ ಅದರ ನಡುಭಾಗವನ್ನು ಹಿಡಿದು, ನರವನ್ನು ಅರಳೆಯ ಗುಡ್ಡೆಗೆ ತಾಗಿಸಿ, ಬಲಗೈಯಲ್ಲಿರುವ ಕೊಡತಿಯಿಂದ ನರಕ್ಕೆ ಹೊಡೆಯಬೇಕು. ನರ ನಡುಗಿದ ಹಾಗೆ ಅರಳೆ ಬಿಚ್ಚಿಕೊಳ್ಳುತ್ತದೆ, ಕಸ ಕೆಳಗೆ ಉದುರುತ್ತದೆ. ನೋಡುವವರಿಗೆ ಕೆಲಸವೆಲ್ಲ ಬಲಗೈಯದೇ ಅನ್ನಿಸುತ್ತದೆ. ಶುದ್ಧ ಸುಳ್ಳು. ಬಲಗೈ ಬರೀ ಗದ್ದಲ ಮಾಡುತ್ತದೆ. ಮುಂಜಾನೆಯಿಂದ ಸಂಜೆತನಕ ಆ ಭಾರವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವುದು ಎಡ ಭುಜ. ಹೊಡೆದಾಗೊಮ್ಮೆ ನರ ಒದೆಯುವ ಒದೆತವೂ ಅದಕ್ಕೇ.

ಆ ಎಡ ಭುಜವನ್ನೇ ನಾನು ಮುರಿದುಕೊಂಡೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಾರು ವಯಸ್ಸು, ಮದುವೆಯಾಗಿ ಎರಡು ವರ್ಷ. ಸಿಂದಗಿಯಲ್ಲಿ ಮನೆ. ದೀಪಾವಳಿ ಮುಗಿದು ಹೊಸ ಅರಳೆ ಬಂತೆಂದರೆ ಅಪ್ಪ ಮತ್ತು ನಾನು ತಿರುಗಾಟಕ್ಕೆ ಹೊರಡುತ್ತಿದ್ದೆವು. ಇಂಡಿಯಲ್ಲಿ ಒಂದು ವಾರ, ಬಸವನ ಬಾಗೇವಾಡಿಯಲ್ಲಿ ಒಂದು ವಾರ, ಆಮೇಲೆ ಮುದ್ದೇಬಿಹಾಳದ ಕಡೆ. ಬಿಲ್ಲು ಬಸ್ಸಿನ ಮೇಲೆ, ನಾವು ಬಸ್ಸಿನೊಳಗೆ. ಆ ದಿನ ಬಾಗೇವಾಡಿಯಲ್ಲಿ ಬಸ್ಸು ನಿಂತ ಮೇಲೆ ಬಿಲ್ಲು ಇಳಿಸಲು ನಾನು ಮೇಲೆ ಹತ್ತಿದೆ. ಮೊದಲು ಬಿಲ್ಲನ್ನು ಕೆಳಗೆ ಕೊಡಬೇಕು, ಆಮೇಲೆ ತಾನು ಇಳಿಯಬೇಕು. ನಮ್ಮಲ್ಲಿ ಇದು ಕೂಸಿಗೂ ಗೊತ್ತಿರುವ ಮಾತು. ಕೆಳಗೆ ಅಪ್ಪ ಕೊಡು ಎಂದು ಕೂಗುತ್ತಿದ್ದ. ನಾನು ಕೊಡಲಿಲ್ಲ. “ನೀ ಸರಿ ಅತ್ತಾಗ, ನಿನಗ ಆಗೂದಿಲ್ಲ” ಎಂದು ಬಿಲ್ಲನ್ನು ಭುಜಕ್ಕೆ ಹಾಕಿಕೊಂಡೇ ಏಣಿ ಇಳಿಯತೊಡಗಿದೆ. ಬಿಲ್ಲಿನ ತುದಿ ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ನಾನು ಕೆಳಗೆ, ಬಿಲ್ಲು ನನ್ನ ಮೇಲೆ. ಸೊಕ್ಕು ಬೇರೆ ಯಾರದೂ ಅಲ್ಲ, ನನ್ನದೇ. ಬಿಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಲಮೇಲದ ಕಡೆ ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ಎಲುಬು ಕೂಡಿಸುವ ಒಬ್ಬ ಅಜ್ಜ ಇದ್ದ. ತತ್ತಿಯ ಬಿಳಿ ಲೋಳೆಯಲ್ಲಿ ಏನೇನೋ ಬೇರು ಕಲಸಿ ಮೆತ್ತಿ, ಬಿದಿರಿನ ಸೀಳು ಇಟ್ಟು ಕಟ್ಟಿದ. ನಲವತ್ತು ದಿನಕ್ಕೆ ಕಟ್ಟು ಬಿಚ್ಚಿ, ನನ್ನ ಕೈಯನ್ನು ಅತ್ತ ಇತ್ತ ತಿರುವಿ, ನನ್ನ ಬಾಯಿಂದ ಬಂದ ಬೈಗುಳಗಳನ್ನೆಲ್ಲ ಕೇಳಿಸಿಕೊಂಡು ನಕ್ಕ.

“ಎಲುಬು ಕೂಡೇತಿ. ಇನ್ನ ಸಣ್ಣ ವಜ್ಜಿಯಿಂದ, ಕಡಿಮಿ ಭಾರದಿಂದ ಚಾಲೂ ಮಾಡು,” ಅಂದ. “ಎಷ್ಟ ವಜ್ಜಿ ಅಂತ ನನ್ನ ಕೇಳಬ್ಯಾಡ. ಹೊಡಿಯೂ ಮುಂದ ಭುಜಾನೂ ಕೇಳಬ್ಯಾಡ, ಆವಾಗ ಅದು ಸುಳ್ಳ ಹೇಳತೈತಿ. ಮರುದಿನ ಮುಂಜಾನಿ ಎದ್ದ ಕೂಡಲೇ ಎಡಗೈಲೆ ತಲಿ ಬಾಚಕೋ. ಕೈ ನೆತ್ತಿಗೆ ಹೋತಂದ್ರ ನಿನ್ನಿ ಹಿಡದ ಬಿಲ್ಲ ನಿಂದು. ಕಿವಿಗೆ ನಿಂತಂದ್ರ ಅದು ನಿಂದಲ್ಲ, ಕೆಳಗಿಡು. ಹಟ ಮಾಡಿ ಹಿಡದಿ ಅಂದ್ರ ಕೀಲು ಹಿಡಕೋತೈತಿ. ಹಿಡಕೊಂಡ ಮ್ಯಾಲ ನನ್ನ ಕಡೆ ಬರಬ್ಯಾಡ.”

ಹಟ ಮಾಡಲು ನನಗೊಂದು ಕಾರಣವೂ ಇತ್ತು. ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಒಬ್ಬ ಗೌಡರ ಮನೆಯಲ್ಲಿ ಮಗಳ ಲಗ್ನ. ಎಂಟು ಗಾದಿ, ಅದಕ್ಕೆ ತಕ್ಕ ದಿಂಬು, ಲೋಡು. “ನನ್ನ ಮಗ ಬರತಾನ, ಚಿಂತಿ ಬಿಡ್ರಿ” ಎಂದು ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ನಮ್ಮ ತಿರುಗಾಟದಲ್ಲಿ ಅಷ್ಟು ದೊಡ್ಡ ಕೆಲಸ ಇನ್ನೊಂದಿರಲಿಲ್ಲ. ಆಗಲೇ ವಿಜಾಪುರದಲ್ಲಿ ಅರಳೆ ಹೊಡೆಯುವ ಮಷಿನ್ ಬಂದಿತ್ತು. ಈ ಸಲ ನಾವು ಹೋಗದಿದ್ದರೆ ಅವರು ಗಾಡಿ ಕಟ್ಟಿ ಅರಳೆಯನ್ನು ಅಲ್ಲಿಗೆ ಕಳಿಸುತ್ತಾರೆ, ಮತ್ತೆ ನಮ್ಮನ್ನು ಕರೆಯುವುದಿಲ್ಲ. ಹೋಗಿ ಹಟಕ್ಕೆ ಬಿದ್ದು ಕೀಲು ಹಿಡಿದುಕೊಂಡರೆ ನನ್ನ ಕೈ ಜನ್ಮಕ್ಕೆ ಹೋಯಿತು. ಕೈ ಹೋದ ಪಿಂಜಾರನಿಗೆ ಸೂಜಿ ದಾರ ಹಿಡಿದು ಮೂಲೆಯಲ್ಲಿ ಕೂರುವುದೊಂದೇ ಗತಿ. ಅಪ್ಪನ ಮಾತು ಉಳಿಯಬೇಕು, ನನ್ನ ಕೈಯೂ ಉಳಿಯಬೇಕು. ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮನೆಯಲ್ಲಿದ್ದ ದೊಡ್ಡ ಬಿಲ್ಲು ಒಂದೇ, ಅಪ್ಪನದು. ಮೂರು ವರ್ಷದ ಹಿಂದೆ ಅದನ್ನು ನನ್ನ ಕೈಗೆ ಕೊಟ್ಟು “ಇನ್ನ ಮ್ಯಾಲ ನೀ ಹೊಡಿ, ನಾ ಹೊಲೀತೇನಿ” ಅಂದಿದ್ದ. ಅಂದು ನನಗೆ ಎರಡು ಕೊಂಬು ಮೂಡಿದ್ದವು. ನಾನು ಬಿದ್ದ ಮೇಲೆ ಅಪ್ಪನೇ ಮತ್ತೆ ಅದನ್ನು ಹಿಡಿದ. ಆದರೆ ಸ್ವಲ್ಪ ಹೊಡೆಯುವುದು, ಚಹಾ ಕುಡಿದು ಬರುತ್ತೇನೆ ಎಂದು ಏಳುವುದು. ಮತ್ತೆ ಸ್ವಲ್ಪ ಹೊಡೆಯುವುದು, ಎಲೆಅಡಿಕೆ ಎಂದು ಏಳುವುದು. ಹಾಸಿಗೆಯ ಮೇಲೆ ಬಿದ್ದುಕೊಂಡು ನಾನು ಹಲ್ಲು ಕಡಿಯುತ್ತಿದ್ದೆ. ಎಂಥ ಚಟದ ಮನುಷ್ಯ ಇವನು ಅನ್ನಿಸುತ್ತಿತ್ತು.

ಇನ್ನೊಂದು ಬಿಲ್ಲು ಅಟ್ಟದ ಮೇಲಿತ್ತು. ಅದು ನನ್ನ ಹೆಂಡತಿಯದು. ಮೋರಟಗಿಯ ಅವಳ ತವರಿನಲ್ಲಿ ಹೆಣ್ಣುಮಕ್ಕಳೂ ಅರಳೆ ಹೊಡೆಯುತ್ತಿದ್ದರು. ದೊಡ್ಡದಕ್ಕಿಂತ ಒಂದು ಮೊಳ ಗಿಡ್ಡ, ತೂಕದಲ್ಲಿ ಅರ್ಧ, ನರವೂ ತೆಳು. ಲಗ್ನದಲ್ಲಿ ಪಾತ್ರೆ ಪಗಡೆಯ ಜೊತೆ ಅದೂ ಬಂದಿತ್ತು. ನಮ್ಮ ಮನೆಯಲ್ಲಿ ಹೆಂಗಸರು ಬಿಲ್ಲು ಮುಟ್ಟುವ ರೂಢಿ ಇರಲಿಲ್ಲ. ಬಂದ ದಿನವೇ ಅಟ್ಟಕ್ಕೆ ಹೋಯಿತು. ನಮ್ಮ ಓಣಿಯಲ್ಲಿ ಅದಕ್ಕೆ ‘ಹೆಂಗಸರ ಬಿಲ್ಲು’ ಎಂದೇ ಹೆಸರು.

“ಏನ್ರೀ, ನನ್ನ ಬಿಲ್ಲ ತಗೋರಿ,” ಅಂದಳು ಹೆಂಡತಿ. “ಹಗರ ಐತಿ.”

“ಅದರ ಕೂಡ ಕೈಗೆ ಬಳಿನೂ ತೊಡಸತಿ ಏನ?” ಅಂದೆ.

ಅವಳು ಒಳಗೆ ಹೋದಳು. ನನ್ನ ಸಿಟ್ಟಿಗೆ ಕಾರಣ ತೂಕವಲ್ಲ, ದನಿ. ನಾವು ಓಣಿಯಲ್ಲಿ ‘ಗಾದಿ ತುಂಬತೇವ್ರೀ’ ಎಂದು ಕೂಗುವವರಲ್ಲ. ಬಿಲ್ಲಿನ ನರವನ್ನು ಮೀಟುತ್ತಾ ಹೋಗುತ್ತೇವೆ, ಅದೇ ನಮ್ಮ ಕೂಗು. ಅಪ್ಪನ ಬಿಲ್ಲು ‘ಢಂವ್’ ಅಂದರೆ ಇಂಡಿಯ ಪೇಟೆಯಲ್ಲೂ ಜನ ಒಳಗಿನಿಂದಲೇ “ಸಿಂದಗಿಯವರು ಬಂದ್ರು” ಅನ್ನುತ್ತಿದ್ದರು. ಹೆಂಡತಿಯ ಬಿಲ್ಲು ‘ಟಿಂವ್’ ಅನ್ನುತ್ತದೆ. ಆ ಟಿಂವ್ ಹಿಡಿದು ಗಂಡಸಾದವನು ಓಣಿಯಲ್ಲಿ ನಡೆಯುವುದು ಹೇಗೆ?

ಒಂದು ಶುಕ್ರವಾರ ಅಪ್ಪ ನಮಾಜಿಗೆ ಹೋದದ್ದೇ ತಡ, ನಾನು ದೊಡ್ಡ ಬಿಲ್ಲು ಹಿಡಿದೆ. ಅರ್ಧ ತಾಸು ಹೊಡೆದೆ. ನೋವಿಲ್ಲ, ಗೀವಿಲ್ಲ. ಅಜ್ಜನ ಮಾತೆಲ್ಲ ಮಣ್ಣು ಎಂದುಕೊಂಡೆ. ಮರುದಿನ ಮುಂಜಾನೆ ಬಾಚಣಿಗೆ ಹಿಡಿದು ಎಡಗೈ ಎತ್ತಿದರೆ ಅದು ಅಂಗಿಯ ಕಾಲರಿಗೆ ಬಂದು ನಿಂತಿತು. ಇನ್ನೊಂದು ಗೇಣು ಏರಿಸಲು ಹೋದಾಗ ಜೀವ ಬಾಯಿಗೆ ಬಂತು. ಸುಮ್ಮನೆ ಬಾಚಣಿಗೆಯನ್ನು ಬಲಗೈಗೆ ವರ್ಗಾಯಿಸಿದೆ.

“ಬಲಗೈಲೆ ಯಾಕ ಬಾಚಾಕತ್ತೀರಿ?” ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

“ನನ್ನ ತಲಿ, ನನ್ನ ಕೈ. ನಿನಗೇನ?”

ಎಂಟು ದಿನ ಹಾಳಾದವು. ಮುಂದಿನ ಶುಕ್ರವಾರ ನಮಾಜಿಗೆ ನಿಂತಾಗ ಎರಡೂ ಕೈ ಕಿವಿಮಟ್ಟ ಎತ್ತಬೇಕಲ್ಲ, ನನ್ನ ಬಲಗೈ ಹೋಯಿತು, ಎಡಗೈ ಎದೆಯ ಹತ್ತಿರ ಉಳಿಯಿತು. ದೇವರ ಮುಂದೆ ಅರ್ಧ ಕೈ ಎತ್ತಿ ನಿಂತವನಿಗೆ ನಾಚಿಕೆಯಾಗದೆ ಇರುತ್ತದೆಯೇ? ಮನೆಗೆ ಬಂದು, ಹೆಂಡತಿಯ ಮುಖ ನೋಡದೆ, “ಇಳಸು ಅದನ್ನ” ಅಂದೆ. ಅವಳು ಏಣಿ ಹಾಕಿ ಅಟ್ಟದಿಂದ ತನ್ನ ಬಿಲ್ಲು ಇಳಿಸಿದಳು.

ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಅವಳು ನನಗೆ ಬಿಲ್ಲು ಹಿಡಿಯುವುದನ್ನು ಕಲಿಸಿದಳು. ಮೂರು ವರ್ಷ ದೊಡ್ಡ ಬಿಲ್ಲು ಹೊಡೆದವನಿಗೆ! ಮೊದಲ ದಿನ ನನಗೆ ಮೈಯೆಲ್ಲ ಉರಿಯಿತು, ಸುಳ್ಳೇಕೆ ಹೇಳಲಿ. ನಾವು ಗಂಡಸರು ಬಿಲ್ಲನ್ನು ಮುಷ್ಟಿಕಟ್ಟಿ ಹಿಡಿಯುತ್ತೇವೆ. ಅವಳು ಅಂಗೈಯನ್ನು ಬಿಚ್ಚಿ, ಬಿಲ್ಲನ್ನು ಅದರ ಮೇಲೆ ಕೂರಿಸಿ, ಮೊಳಕೈಯನ್ನು ಪಕ್ಕೆಲುಬಿಗೆ ಆನಿಸಿದಳು. ಭಾರ ಭುಜ ಬಿಟ್ಟು ನಡುವಿಗೆ ಇಳಿಯಿತು. ಆಮೇಲೆ ನರದ ಬಿಗಿ. ನರ ಬಿಗಿಯಲು ಹಲಗೆಯ ಹತ್ತಿರ ಒಂದು ಬೆಣೆ ಇರುತ್ತದೆ. ಬೆಣೆ ಬಿಗಿಯಾದರೆ ನರ ಚೆನ್ನಾಗಿ ಹೊಡೆಯುತ್ತದೆ, ಆದರೆ ಒದೆತ ನೇರವಾಗಿ ಭುಜಕ್ಕೆ. ಸಡಿಲವಾದರೆ ಭುಜಕ್ಕೆ ಸುಖ, ಅರಳೆ ಮಾತ್ರ ಬಿಚ್ಚುವುದಿಲ್ಲ. ಅವಳು ಉಗುರಿನಿಂದ ನರವನ್ನು ಚಿಮ್ಮಿ, ತಲೆ ವಾಲಿಸಿ ಕೇಳಿ, ಬೆಣೆಗೆ ಒಂದು ಪೆಟ್ಟು ಕೊಟ್ಟು, ಮತ್ತೆ ಚಿಮ್ಮಿ ನೋಡುತ್ತಿದ್ದಳು. “ಇವತ್ತಿಗೆ ಇಷ್ಟ ಸಾಕ್ರಿ. ನಾಳೆ ಮುಂಜಾನಿ ನೋಡೂನು.”

ಮುಂಜಾನೆ ಬಾಚಣಿಗೆ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು, ಪರೀಕ್ಷೆಯ ಮಾಸ್ತರರ ಹಾಗೆ. ನಾನು ಕೈ ಎತ್ತಬೇಕು, ಅವಳು ಹೇಳಬೇಕು. “ಹೂಂ, ನೆತ್ತಿ.” ಅಂದರೆ ಇವತ್ತು ನಿನ್ನೆಗಿಂತ ಇನ್ನಷ್ಟು ಹೊತ್ತು ಹೊಡೆಯಬಹುದು, ಬೆಣೆಗೆ ಇನ್ನೊಂದು ಪೆಟ್ಟು ಕೊಡಬಹುದು. “ಕಿವಿ” ಅಂದರೆ ಒಂದು ಮೆಟ್ಟಿಲು ಹಿಂದೆ. ನೆತ್ತಿ, ಕಿವಿ ಎಂಬ ಎರಡು ಮಾತು ನಮ್ಮ ಮನೆಯಲ್ಲಿ ಕ್ಷೇಮಸಮಾಚಾರವೇ ಆಗಿಹೋದವು. ಅವ್ವ ಕೂಡ ಒಲೆಯ ಮುಂದಿನಿಂದ “ಇವತ್ತ ಏನಂತವ್ವಾ, ನೆತ್ತಿನೋ ಕಿವಿನೋ?” ಎಂದು ಕೂಗಿ ಕೇಳುತ್ತಿದ್ದಳು.

ಹದಿನೈದು ದಿನಕ್ಕೆ ಕೈ ಕುದುರಿತು. ಅದರ ಹಿಂದೆಯೇ ಸೊಕ್ಕೂ ಕುದುರಿತು. ಓಣಿಯ ಒಬ್ಬ ದೊಡ್ಡವ್ವ ಒಂದು ಗಾದಿ ತುಂಬಿಕೊಡು ಎಂದು ಅರಳೆ ತಂದಳು. ಈಗ ಅಂಗಳದಲ್ಲಿ ಕೂತು ಹೊಡೆಯಬೇಕು, ಎಲ್ಲರಿಗೂ ಟಿಂವ್ ಕೇಳಿಸುತ್ತದೆ. ನಾನೊಂದು ಉಪಾಯ ಮಾಡಿದೆ. ಹೆಂಡತಿ ನೀರಿಗೆ ಹೋದಾಗ ಬೆಣೆಯನ್ನು ಸಡಿಲಿಸಿದೆ. ನರ ಜೋತುಬಿದ್ದು ದನಿ ದಪ್ಪವಾಯಿತು, ಹೆಚ್ಚುಕಡಿಮೆ ‘ಢಂವ್’ ಎಂದೇ ಕೇಳಿಸಿತು. ಆಹಾ ಅನ್ನಿಸಿತು. ಇಡೀ ದಿನ ಢಂವ್ ಢಂವ್ ಎನ್ನಿಸಿ, ತುಂಬಿ, ಹೊಲಿದು ಕೊಟ್ಟೆ.

ಮರುದಿನ ದೊಡ್ಡವ್ವ ಗಾದಿಯನ್ನು ಮೊಮ್ಮಗಳ ತಲೆಯ ಮೇಲೆ ಹೊರಿಸಿಕೊಂಡು ಬಂದಳು. ಅಂಗಳದಲ್ಲಿ ಹಾಸಿ, ಅದರ ಮೇಲೆ ತಾನೇ ಕೂತು, ಎದ್ದು, ಮತ್ತೆ ಕೂತು ತೋರಿಸಿದಳು. “ಏನೋ ಇದು? ಅರಳಿ ಕೊಟ್ಟಿದ್ದೆ, ಕಡಲಿ ತುಂಬಿ ಕೊಟ್ಟೀದಿ? ರಾತ್ರಿ ಎಲ್ಲಾ ಬೆನ್ನಿಗೆ ಚುಚ್ಚೇತಿ ನೋಡು!” ಓಣಿಯೆಲ್ಲ ಕೂಡಿತು. ನನ್ನ ಮಾನ ಮೂರಾಬಟ್ಟೆಯಾಯಿತು. ಹೆಂಡತಿ ಬಂದು ಗಾದಿಗೆ ಕೈ ಹಾಕಿ ಗಂಟುಗಳನ್ನು ಹಿಚುಕಿ ನೋಡಿದಳು, ಬಿಲ್ಲಿನ ಬೆಣೆ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಬೈಯಲು ಬಾಯಿ ತೆರೆದವನು ನಾನೂ ನಕ್ಕುಬಿಟ್ಟೆ. ನಾನು ಬಿದ್ದ ಮೇಲೆ ಆ ಮನೆಯಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಗಾದಿ ಬಿಚ್ಚಿ ಮತ್ತೆ ಹೊಡೆದೆ, ಈ ಸಲ ಬೆಣೆ ಅವಳು ಹೇಳಿದಷ್ಟು. ಟಿಂವ್ ಟಿಂವ್. “ಏನಲೇ, ಏಕತಾರಿ ಬಾರ್ಸಾಕತ್ತಿ?” ಎಂದು ಗೆಳೆಯನೊಬ್ಬ ಹಾದುಹೋಗುತ್ತಾ ಕೇಳಿದ. “ಭಜನಿಗೆ ನೀ ಕುಂದ್ರು ಬಾ” ಅಂದೆ. ಒಂದು ಗಾದಿಗೆ ಹೊತ್ತು ಹೆಚ್ಚು ಹಿಡಿಯುತ್ತಿತ್ತು, ನಿಜ. ಆದರೆ ಅರಳೆ ಎಷ್ಟು ಹೂವಾಗಿ ಬರುತ್ತಿತ್ತು ಅಂದರೆ ಉಸಿರು ಬಿಟ್ಟರೆ ಹಾರುತ್ತಿತ್ತು. ದೊಡ್ಡವ್ವ ಮತ್ತೆ ಬಂದಳು, ಈ ಸಲ ದಿಂಬಿನ ಅರಳೆ ತೆಗೆದುಕೊಂಡು.

ಅಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ತಂಗಡಗಿಯ ದಿನ ಹತ್ತಿರ ಬಂದ ಹಾಗೆ ಬೆನ್ನು ಬಿದ್ದ. “ಎಂಟ ಗಾದಿ ಅದಾವ ಅಲ್ಲಿ. ನಿನ್ನ ಏಕತಾರಿ ನಡಿಯೂದಿಲ್ಲ. ದೊಡ್ಡದನ್ನ ಹಿಡಿ.” ಊಟಕ್ಕೆ ಕೂತರೆ ಅದೇ, ಎದ್ದರೆ ಅದೇ. ಒಂದು ದಿನ ನನಗೆ ತಡೆಯಲಾಗಲಿಲ್ಲ.

“ನಿನ್ನ ಬಿಲ್ಲಲ್ಲೇನ ಅದು? ನೀನ ಹೊಡಿ! ನಿನಗೇನ ಆಗೇತಿ ಧಾಡಿ?” ಎಂದು ಚೀರಿದೆ.

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟು ಎದ್ದುಹೋದ. ಅವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನನಗೆ ಪಶ್ಚಾತ್ತಾಪವಾಯಿತು. ಆ ಪಶ್ಚಾತ್ತಾಪಕ್ಕೇ ಮರುದಿನ ಅಪ್ಪನ ಎದುರಿಗೇ ದೊಡ್ಡ ಬಿಲ್ಲು ಹಿಡಿದೆ.

ಹೆಂಡತಿ ಕಲಿಸಿದ ಹಾಗೆ ಅಂಗೈ ಮೇಲೆ ಕೂರಿಸಿ, ಮೊಳಕೈ ಆನಿಸಿ ಹೊಡೆದೆ. ಸಲೀಸಾಗಿ ಹೋಯಿತು! ಮಧ್ಯಾಹ್ನದ ಹೊತ್ತಿಗೆ ಒಂದು ಇಡೀ ಗಾದಿಯ ಅರಳೆ ಮುಗಿಸಿದೆ. ಓಣಿಯಲ್ಲಿ ಜನ ನಿಂತು ಕೇಳಿದರು. ಅಪ್ಪನ ಮುಖ ನೋಡಬೇಕಿತ್ತು ನೀವು. ಹಬ್ಬದ ಚಂದ್ರ ಕಂಡವನ ಹಾಗೆ ಆಗಿತ್ತು. “ನಾಳೆ ತಂಗಡಗಿಗೆ ಮಂದಿ ಕೈಯಾಗ ಹೇಳಿ ಕಳಸತೇನಿ” ಅಂದ. ನನಗೂ ಕುಣಿಯುವಷ್ಟು ಖುಷಿಯಾಯಿತು. ಹೆಂಡತಿ ಮಾತ್ರ “ನಾಳೆ ಮುಂಜಾನಿ ನೋಡೂನು” ಅಂದಳು.

ಮುಂಜಾನೆ ಎದ್ದೆ. ಅವಳು ಬಾಚಣಿಗೆ ಕೊಟ್ಟಳು. ಎಡಗೈ ಎತ್ತಿದೆ. ಕಿವಿ. ಇಳಿಸಿ, ಉಸಿರು ಬಿಗಿಹಿಡಿದು ಮತ್ತೆ ಎತ್ತಿದೆ. ಕಿವಿ. ಮೂರನೆಯ ಸಲ ಎತ್ತುವ ಧೈರ್ಯವಾಗಲಿಲ್ಲ. ಒಂದು ದಿನಕ್ಕೆ ಕಿವಿಗೆ ನಿಂತದ್ದು ತಂಗಡಗಿಯಲ್ಲಿ ಎಂಟು ದಿನಕ್ಕೆ ಎಲ್ಲಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಳು ಬಂತು. ಆ ಬಿಲ್ಲು ಇನ್ನು ನನ್ನದಲ್ಲ, ಯಾವತ್ತಿಗೂ ಅಲ್ಲ ಎಂಬುದು ಆಗ ಮನಸ್ಸಿಗೆ ಇಳಿಯಿತು. “ಅಪ್ಪಗ ಏನ ಹೇಳ್ಲಿ?” ಎಂದು ಕೇಳಿದೆ.

“ಖರೇ ಹೇಳ್ರಿ,” ಅಂದಳು.

ತಂಗಡಗಿಗೆ ಹೇಳಿ ಕಳಿಸಲೆಂದು ಅಪ್ಪ ಅಂಗಳದಲ್ಲಿ ಹೊರಡಲು ಸಿದ್ಧನಾಗುತ್ತಿದ್ದ. ಮಣೆಯ ಮೇಲೆ ಕೂತಿದ್ದ, ಅವ್ವ ಹಿಂದೆ ನಿಂತು ಅವನ ತಲೆಗೆ ರುಮಾಲು ಸುತ್ತುತ್ತಿದ್ದಳು. ನಾನು ಎದುರಿಗೆ ನಿಂತೆ.

“ಅಪ್ಪಾ, ಆ ಬಿಲ್ಲ ನನ್ನ ಕೈಲೆ ಆಗೂದಿಲ್ಲ. ಒಂದ ದಿನಕ್ಕ ಕಿವಿಗೆ ನಿಂತೈತಿ. ಎಂಟ ದಿನ ಹಿಡದ್ರ ಕೈನ ಹೋಗತೈತಿ. ನೀ ಬೈತಿ ಅಂದ್ರ ಬೈ.”

ಅಪ್ಪ ಬೈಯಲಿಲ್ಲ. “ಎಲ್ಲಿಗೆ ನಿಂತೈತಿ? ತೋರಸು,” ಅಂದ. ಕೈ ಎತ್ತಿ ತೋರಿಸಿದೆ. ಅಪ್ಪ ಅದನ್ನು ನೋಡಿದ. ಆಮೇಲೆ ಅವ್ವನಿಗೆ ಅತ್ತ ಸರಿಯಲು ಸನ್ನೆ ಮಾಡಿ, ತನ್ನ ಎಡಗೈ ಎತ್ತಿದ. ಅದು ಅಂಗಿಯ ಕಿಸೆಯ ಹತ್ತಿರ ಬಂದು, ನಿಂತುಬಿಟ್ಟಿತು.

“ನಂದು ಇಲ್ಲಿಗೆ ನಿಂತ ಐದಾರ ವರ್ಷ ಆತು,” ಅಂದ. “ನೀ ಬಿದ್ದಿ, ಮುರಕೊಂಡಿ, ಅದಕ್ಕ ನಿನಗ ಒಬ್ಬ ಹೇಳಾವ ಸಿಕ್ಕ. ನಾ ಬೀಳಲೂ ಇಲ್ಲ. ತಲಿ ಬಾಚಕೊಂಡ ನೋಡು ಅಂತ ನನಗ ಯಾರೂ ಹೇಳಲೂ ಇಲ್ಲ.”

ದಿನಾ ಮುಂಜಾನೆ ಅವ್ವ ಅಪ್ಪನಿಗೆ ರುಮಾಲು ಸುತ್ತುತ್ತಿದ್ದಳು. ನಾವೆಲ್ಲ ಅದನ್ನು ಮುದುಕ ಮುದುಕಿಯ ಮುದ್ದು ಎಂದು ಚೇಷ್ಟೆ ಮಾಡುತ್ತಿದ್ದೆವು. ಅವರಿಬ್ಬರೂ ನಗುತ್ತಿದ್ದರು. ಆ ರುಮಾಲು, ಆ ಚಹಾ, ಆ ಎಲೆಅಡಿಕೆ, ಎಲ್ಲ ಈ ಏಳದ ಕೈಗಾಗಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊನ್ನೆ ‘ನಿನಗೇನ ಆಗೇತಿ ಧಾಡಿ’ ಅಂದಿದ್ದೆನಲ್ಲ, ಆ ನಾಲಿಗೆಯನ್ನು ಕಿತ್ತುಹಾಕಬೇಕು ಅನ್ನಿಸಿತು.

“ಸಣ್ಣದನ್ನ ಒಯ್ಯೂನು,” ಅಪ್ಪನೇ ಅಂದ. “ನಾಲ್ಕ ದಿನ ಮೊದಲ ಹೋಗೂನು. ತಡಾ ಆದ್ರ ಆಗ್ಲಿ.”

ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು, ಆ ಸಣ್ಣ ಬಿಲ್ಲು ಗೋಡೆಗೆ ಆನಿಸಿ ಅವಳ ಪಕ್ಕದಲ್ಲೇ ಇತ್ತು. ಎರಡು ವರ್ಷದಲ್ಲಿ ಅಪ್ಪ ಸೊಸೆಯ ಜೊತೆ ನೇರವಾಗಿ ಒಂದು ಮಾತೂ ಆಡಿದವನಲ್ಲ. ನೀರು ಬೇಕಾದರೂ ಅವ್ವನಿಗೆ ಹೇಳಿ ಹೇಳಿಸುತ್ತಿದ್ದ. ಅಂದು ಅವಳ ಕಡೆ ತಿರುಗಿದ.

“ಯವ್ವಾ, ಇಲ್ಲಿ ಬಾ. ನಿಮ್ಮ ಮನ್ಯಾಗ ಅದನ್ನ ಹೆಂಗ ಹಿಡೀತೀರಿ? ನನಗೂ ಒಂದೀಟ ತೋರಸು.”

ಅವಳು ಸೆರಗು ಎಳೆದುಕೊಂಡು ಬಂದಳು. ಮಾವನ ಮುಷ್ಟಿಯನ್ನು ಮುಟ್ಟಲು ಒಂದು ಗಳಿಗೆ ಅಂಜಿದಳು, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. “ಬಿಗೀ ಹಿಡೀಬ್ಯಾಡ್ರಿ ಮಾವಾರ. ಅಂಗೈ ಮ್ಯಾಲ ಸುಮ್ಮನ ಕುಂದ್ರಸ್ರಿ. ಮೊಳಕೈ ಪಕ್ಕಡಿಗೆ ಹಚ್ರಿ. ಹಾಂ, ಹಂಗ.” ನಾನು ಅಪ್ಪನ ಬಲಗೈಗೆ ಕೊಡತಿ ಕೊಟ್ಟೆ.

ಅಪ್ಪ ಒಂದು ಸಲ ಹೊಡೆದ. ನಿಂತ. ಇನ್ನೊಂದು ಸಲ ಹೊಡೆದ. ಆಮೇಲೆ ನಾಲ್ಕೈದು ಸಲ ಒಂದೇ ಸಮನೆ.

“ನೋವಾಗತೈತೇನ್ರಿ?” ಎಂದು ಅವಳು ಕೇಳಿದಳು.

“ಇಲ್ಲವ್ವಾ,” ಅಂದ ಅಪ್ಪ. “ನೋವ ಆಗವಲ್ದು.” ಹಾಗೆ ಹೇಳುತ್ತಲೇ, ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ, ಗೊಳೋ ಎಂದು ಅತ್ತುಬಿಟ್ಟ.